ಅಹಂಕಾರ ಎಂದರೆ ಗರ್ವವೇ?

‘ಅಹಂಕಾರ’ ಎಂಬುದು ಇಂದಿನ ಕನ್ನಡದಲ್ಲಿ ಬೈಗುಳಕ್ಕೆ ಹತ್ತಿರದ ಮಾತು. ಒಬ್ಬರನ್ನು ಅಹಂಕಾರಿ ಎಂದರೆ ಅವರು ತಮ್ಮನ್ನು ತಾವೇ ದೊಡ್ಡವರೆಂದು ಎಣಿಸಿಕೊಂಡಿದ್ದಾರೆ, ಉಳಿದವರನ್ನು ಕಡೆಗಣ್ಣಿನಿಂದ ನೋಡುತ್ತಾರೆ ಎಂದೇ ಅರ್ಥ. ಸೊಕ್ಕು, ಕೊಬ್ಬು, ಮದ, ಗರ್ವ, ದರ್ಪ, ದಿಮಾಕು, ದೌಲತ್ತು ಇವುಗಳ ಸಾಲಿನಲ್ಲೇ ಇದಕ್ಕೂ ಒಂದು ಜಾಗ. ಆದರೆ ಸೊಕ್ಕು, ಕೊಬ್ಬು ಜಗಳದಲ್ಲಿ ಬರುವ ಮಾತುಗಳು. ಅಹಂಕಾರ ಪ್ರವಚನದ ವೇದಿಕೆಯಲ್ಲೂ ಸಲ್ಲುತ್ತದೆ. ಅದರ ಬೆನ್ನಿಗೆ ಉಪನಿಷತ್ತು, ಸಾಂಖ್ಯ, ಗೀತೆಗಳಿವೆ ಎಂಬ ನಂಬಿಕೆ ಅದಕ್ಕೆ ಬೇರೆ ಯಾವ ಬೈಗುಳಕ್ಕೂ ಇಲ್ಲದ ತೂಕವನ್ನು ಕೊಟ್ಟಿದೆ. ಈ ನಂಬಿಕೆಯನ್ನು ಬಿಡಿಸಿ ಇಟ್ಟರೆ ಮೂರು ಮಾತುಗಳು ಸಿಗುತ್ತವೆ.

1. ಅಹಂಕಾರವೆಂದರೆ ಗರ್ವ, ಹಿಂದಿನವರು ಆ ಪದವನ್ನು ಬಳಸಿದ್ದು ಇದೇ ಅರ್ಥದಲ್ಲಿ.
2. ಇಂಗ್ಲಿಷಿನಲ್ಲಿ ‘ಈಗೋ’ ಎನ್ನುವುದೂ ಇದನ್ನೇ. ಮನಶ್ಶಾಸ್ತ್ರ ಹೇಳುವುದೂ ನಮ್ಮ ಶಾಸ್ತ್ರ ಹೇಳುವುದೂ ಒಂದೇ.
3. ಅಹಂಕಾರವನ್ನು ಬಿಡಬೇಕೆಂದು ಶಾಸ್ತ್ರ ಹೇಳಿದೆ; ಆದ್ದರಿಂದ ‘ನಾನು’ ಎಂದು ಎದ್ದು ನಿಲ್ಲುವುದೇ ದೋಷ.

ಮೊದಲನೆಯ ಮಾತು ಬರಿಯ ಕಲ್ಪನೆಯಲ್ಲ. ಅಮರಕೋಶದಲ್ಲಿ ಗರ್ವ, ಅಭಿಮಾನ, ಅಹಂಕಾರಗಳು ಒಂದೇ ಗುಂಪಿನ ಪರ್ಯಾಯ ಪದಗಳು. ಗೀತೆಯ 16ನೇ ಅಧ್ಯಾಯ ಆಸುರೀ ಸ್ವಭಾವದವರು ನೆಚ್ಚಿಕೊಂಡ ದೋಷಗಳ ಪಟ್ಟಿಯಲ್ಲಿ ಅಹಂಕಾರವನ್ನು ಸೇರಿಸುತ್ತದೆ. ಹಾಗಾಗಿ ಗರ್ವವೆಂಬ ಅರ್ಥ ಈಚಿನವರು ಅಂಟಿಸಿದ್ದು ಎಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಒಂದು ಸಾವಿರ ವರ್ಷಕ್ಕೂ ಮಿಕ್ಕಿದ ವಯಸ್ಸಿದೆ. ಪ್ರಶ್ನೆ ಇರುವುದು ಅದೇ ಮೂಲದ ಅರ್ಥವೇ, ಅದೊಂದೇ ಅರ್ಥವೇ, ಶಾಸ್ತ್ರಗಳ ವಾದ ಆ ಅರ್ಥದ ಮೇಲೆ ನಿಂತಿದೆಯೇ ಎಂಬಲ್ಲಿ.

ಪದದ ರಚನೆಯನ್ನೇ ಮೊದಲು ನೋಡಬಹುದು. ‘ಅಹಮ್’ ಎಂದರೆ ನಾನು. ‘ಕಾರ’ ಬಂದದ್ದು ‘ಕೃ’ ಧಾತುವಿನಿಂದ. ಸಂಸ್ಕೃತದಲ್ಲಿ ಈ ‘ಕಾರ’ ಎರಡು ದಾರಿ ಹಿಡಿಯುತ್ತದೆ. ಕುಂಭಕಾರ, ಸ್ವರ್ಣಕಾರ, ಗ್ರಂಥಕಾರ ಎಂಬಲ್ಲಿ ಅದು ಮಾಡುವವನನ್ನು ಸೂಚಿಸುತ್ತದೆ. ಅಕಾರ, ಕಕಾರ, ಓಂಕಾರ, ವಷಟ್ಕಾರ, ಹಾಹಾಕಾರ, ಧಿಕ್ಕಾರ ಎಂಬಲ್ಲಿ ಉಚ್ಚಾರಣೆಯನ್ನು ಸೂಚಿಸುತ್ತದೆ: ‘ಓಂ’ ಎನ್ನುವುದು ಓಂಕಾರ, ‘ಧಿಕ್’ ಎನ್ನುವುದು ಧಿಕ್ಕಾರ. ಡಚ್ ಮೂಲದ ಸಂಸ್ಕೃತ ವಿದ್ವಾಂಸ ಯೋಹಾನ್ನೆಸ್ ಫಾನ್ ಬೌಟೆನನ್ 1957ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅಹಂಕಾರವನ್ನು ಎರಡನೆಯ ಗುಂಪಿಗೆ ಸೇರಿಸಿದರು. ‘ಅಹಂ’ ಎಂಬ ಉದ್ಗಾರವೇ ಪದದ ಹಳೆಯ ಅರ್ಥವೆಂದು ವಾದಿಸಿದರು. ಮೂರನೆಯದೊಂದು ವ್ಯುತ್ಪತ್ತಿಯನ್ನು ರಾಮಾನುಜರು ಶ್ರೀಭಾಷ್ಯದಲ್ಲಿ ಕೊಟ್ಟಿದ್ದಾರೆ. ರಾಷ್ಟ್ರದ್ದಲ್ಲದ್ದನ್ನು ರಾಷ್ಟ್ರದ್ದಾಗಿಸುವುದು ರಾಷ್ಟ್ರೀಕರಣ, ಸರಳವಲ್ಲದ್ದನ್ನು ಸರಳವಾಗಿಸುವುದು ಸರಳೀಕರಣ. ವ್ಯಾಕರಣದಲ್ಲಿ ಇದನ್ನು ಚ್ವಿ ಪ್ರತ್ಯಯದ ಅರ್ಥ ಎನ್ನುತ್ತಾರೆ. ಅದೇ ರೀತಿಯಲ್ಲಿ ‘ನಾನು’ ಅಲ್ಲದ ದೇಹವನ್ನು ‘ನಾನು’ ಆಗಿಸುವುದು ಅಹಂಕಾರ. ಮೂರು ವ್ಯುತ್ಪತ್ತಿಗಳಲ್ಲಿ ಯಾವುದನ್ನು ಒಪ್ಪಿದರೂ ಒಂದು ಸಂಗತಿ ಬದಲಾಗುವುದಿಲ್ಲ: ಪದದ ಒಳಗೆ ದೊಡ್ಡದು ಎಂಬ ಅಂಶವೇ ಇಲ್ಲ. ಸೊಕ್ಕು, ಮದ ಎರಡರಲ್ಲೂ ಅಮಲಿದೆ. ಕೊಬ್ಬಿನಲ್ಲಿ ಮೈಯ ನೆಣವಿದೆ. ದೌಲತ್ತಿನಲ್ಲಿ ಸಂಪತ್ತು, ದಿಮಾಕಿನಲ್ಲಿ ಮೆದುಳು ಇದೆ. ಇವೆಲ್ಲ ಇರುವುದಕ್ಕಿಂತ ಹೆಚ್ಚಾದ ಯಾವುದೋ ಒಂದನ್ನು ಹೆಸರಿಸುವ ಪದಗಳು. ಅಹಂಕಾರದಲ್ಲಿ ಹೆಚ್ಚು ಕಡಿಮೆಯ ಲೆಕ್ಕವಿಲ್ಲ. ಇರುವುದು ‘ನಾನು’ ಒಂದೇ.

ಪದದ ಹಳೆಯ ಬಳಕೆಗಳೂ ಇದನ್ನೇ ತೋರಿಸುತ್ತವೆ. ಬೃಹದಾರಣ್ಯಕ ಉಪನಿಷತ್ತಿನ ಮೊದಲ ಅಧ್ಯಾಯದ ಸೃಷ್ಟಿಕಥೆಯಲ್ಲಿ ಆದಿಯ ಆತ್ಮ ಸುತ್ತ ನೋಡಿ, ತನ್ನನ್ನು ಬಿಟ್ಟು ಬೇರೇನನ್ನೂ ಕಾಣದೆ, ಮೊದಲು ನುಡಿದದ್ದು ತಾನಿದ್ದೇನೆ ಎಂಬ ಮಾತನ್ನು; ‘ಅಹಂ’ ಎಂಬ ಹೆಸರು ಹುಟ್ಟಿದ್ದು ಆಗ. ಕರೆದಾಗ ಯಾರೇ ಆಗಲಿ ‘ನಾನು’ ಎಂದು ಮೊದಲು ಹೇಳಿ ಆಮೇಲೆ ತಮ್ಮ ಹೆಸರು ಹೇಳುವುದಕ್ಕೆ ಆ ಉಪನಿಷತ್ತು ಕೊಡುವ ಕಾರಣ ಇದು. ಛಾಂದೋಗ್ಯದ ಏಳನೆಯ ಅಧ್ಯಾಯದಲ್ಲಿ ಸನತ್ಕುಮಾರರು ನಾರದರಿಗೆ ಭೂಮತತ್ತ್ವವನ್ನು, ಎಂದರೆ ಅನಂತವಾದದ್ದನ್ನು, ತಿಳಿಸುವಾಗ, ಕೆಳಗೂ ಮೇಲೂ ಹಿಂದೂ ಮುಂದೂ ಇರುವುದು ನಾನೇ ಎಂಬ ಉಪದೇಶ ಬರುತ್ತದೆ. ಆ ಉಪದೇಶಕ್ಕೆ ಅಲ್ಲಿ ಇಟ್ಟ ಹೆಸರೇ ಅಹಂಕಾರಾದೇಶ. ಅದರ ಹಿಂದೆಯೇ ಅದೇ ಮಾತುಗಳಲ್ಲಿ ಆತ್ಮಾದೇಶ ಬರುತ್ತದೆ. ಗುರುವೊಬ್ಬ ಶಿಷ್ಯನಿಗೆ ಅಹಂಕಾರವನ್ನು ಉಪದೇಶಿಸುತ್ತಾನೆ ಎಂಬ ವಾಕ್ಯ ಇಂದಿನ ಕನ್ನಡದಲ್ಲಿ ಅಸಂಬದ್ಧವಾಗಿ ಕೇಳುತ್ತದೆ. ಛಾಂದೋಗ್ಯದಲ್ಲಿ ಅದು ಅಸಂಬದ್ಧವಲ್ಲ, ಏಕೆಂದರೆ ಅಲ್ಲಿ ಆ ಪದಕ್ಕೆ ಗರ್ವದ ಸೋಂಕಿಲ್ಲ.

ಅಹಂಕಾರ ಒಂದು ಪಾರಿಭಾಷಿಕ ಪದವಾಗಿ ಗಟ್ಟಿಯಾದದ್ದು ಸಾಂಖ್ಯದಲ್ಲಿ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಜಗತ್ತನ್ನು 25 ತತ್ತ್ವಗಳಾಗಿ ವಿಂಗಡಿಸುತ್ತದೆ. ಪ್ರಕೃತಿಯಿಂದ ಮಹತ್ ಅಥವಾ ಬುದ್ಧಿ, ಬುದ್ಧಿಯಿಂದ ಅಹಂಕಾರ. ಅಹಂಕಾರದ ಸಾತ್ತ್ವಿಕ ಮುಖದಿಂದ ಮನಸ್ಸು, ಐದು ಜ್ಞಾನೇಂದ್ರಿಯಗಳು, ಐದು ಕರ್ಮೇಂದ್ರಿಯಗಳು, ತಾಮಸ ಮುಖದಿಂದ ಶಬ್ದ, ರೂಪ ಮುಂತಾದ ಐದು ತನ್ಮಾತ್ರಗಳು ಹುಟ್ಟುತ್ತವೆ. ಎಂದರೆ ನೋಡುವ ಕಣ್ಣಿಗೂ ನೋಡಿಸಿಕೊಳ್ಳುವ ರೂಪಕ್ಕೂ ಅಹಂಕಾರವೇ ಮೂಲ. ಗರ್ವದಿಂದ ಮೂಗು ಹುಟ್ಟಿತು, ಸೊಕ್ಕಿನಿಂದ ಶಬ್ದ ಹುಟ್ಟಿತು ಎಂದು ಯಾವ ದಾರ್ಶನಿಕನೂ ಹೇಳುವುದಿಲ್ಲ. ಇಲ್ಲಿ ಅಹಂಕಾರವೆಂದರೆ ಅನುಭವಕ್ಕೆ ಒಬ್ಬ ಒಡೆಯನನ್ನು ಗೊತ್ತುಮಾಡುವ ಕ್ರಿಯೆ. ಕಾರಿಕೆ ಅದನ್ನು ಅಭಿಮಾನವೆಂದು ಲಕ್ಷಣಿಸುತ್ತದೆ. ಕಾರಿಕೆಯ ವ್ಯಾಖ್ಯಾನಕಾರ ವಾಚಸ್ಪತಿ ಮಿಶ್ರರ ವಿವರಣೆಯ ಸಾರ ಹೀಗಿದೆ: ಕಣ್ಣಿಗೆ ಬಿದ್ದ, ಮನಸ್ಸು ಗುರುತಿಸಿದ ವಸ್ತುವಿನ ವಿಷಯದಲ್ಲಿ ಇದಕ್ಕೆ ಅಧಿಕಾರಿ ನಾನು, ಇದು ನನಗಾಗಿ ಇದೆ ಎಂದುಕೊಳ್ಳುವುದು ಅಹಂಕಾರದ ಕೆಲಸ. ಮಾಡಬೇಕೋ ಬೇಡವೋ ಎಂದು ನಿಶ್ಚಯಿಸುವುದು ಬುದ್ಧಿಯ ಕೆಲಸ. ಇದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದಿದೆ, ಪ್ರವಚನಗಳಲ್ಲಿ ಅದು ಕೇಳಿಬರುವುದು ಅಪರೂಪ. ಧರ್ಮ ಮತ್ತು ಅಧರ್ಮ, ಜ್ಞಾನ ಮತ್ತು ಅಜ್ಞಾನ, ವಿರಾಗ ಮತ್ತು ರಾಗ, ಐಶ್ವರ್ಯ ಮತ್ತು ಅನೈಶ್ವರ್ಯ ಎಂಬ ಎಂಟು ಭಾವಗಳನ್ನು ಸಾಂಖ್ಯಕಾರಿಕೆ ಬುದ್ಧಿಯಲ್ಲಿ ಇರಿಸುತ್ತದೆಯೇ ಹೊರತು ಅಹಂಕಾರದಲ್ಲಿ ಅಲ್ಲ. ಒಳ್ಳೆಯದೂ ಕೆಟ್ಟದ್ದೂ ಬುದ್ಧಿಯ ಗುಣಗಳು. ಅಹಂಕಾರ ನೀತಿಯ ತಕ್ಕಡಿಗೇ ಬಾರದ ತತ್ತ್ವ. ಸಂತನಿಗೂ ಅದು ಬೇಕು, ಕಳ್ಳನಿಗೂ ಬೇಕು. ಅದಿಲ್ಲದೆ ಇಬ್ಬರೂ ಏನನ್ನೂ ಅನುಭವಿಸಲಾರರು.

ಈ ತಟಸ್ಥ ಅರ್ಥ ಸಾಂಖ್ಯದ ಒಳಗಷ್ಟೇ ಉಳಿಯಲಿಲ್ಲ. ಅದ್ವೈತದ ಅಂತಃಕರಣ ಚತುಷ್ಟಯದಲ್ಲಿ ಮನಸ್ಸು, ಬುದ್ಧಿ, ಚಿತ್ತಗಳ ಜೊತೆ ಅಹಂಕಾರವೂ ಇದೆ. ದ್ವೈತ ಸಂಪ್ರದಾಯದಲ್ಲಿ ಪ್ರತಿ ತತ್ತ್ವಕ್ಕೂ ಒಬ್ಬ ಅಭಿಮಾನಿ ದೇವತೆ. ಅಹಂಕಾರ ತತ್ತ್ವದ ಅಭಿಮಾನಿ ರುದ್ರದೇವರು. ಅಹಂಕಾರ ಕೇವಲ ದುರ್ಗುಣವಾಗಿದ್ದರೆ ಅದರ ಅಧಿಷ್ಠಾನಕ್ಕೆ ಮಹಾದೇವನನ್ನು ಕೂರಿಸುವ ಮಾತೇ ಏಳುತ್ತಿರಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋದವನು ಧಾರಾನಗರದ ಪರಮಾರ ದೊರೆ ಭೋಜ. 11ನೇ ಶತಮಾನದಲ್ಲಿ ಅವನು ಬರೆದ ಶೃಂಗಾರಪ್ರಕಾಶದ ಕೇಂದ್ರವಾದವೇ ರಸ ಒಂದೇ, ಅದು ಅಹಂಕಾರ, ಅದರ ಇನ್ನೊಂದು ಹೆಸರು ಶೃಂಗಾರ ಎಂಬುದು. ತಾನೆಂಬ ಅರಿವು ಆಳವಾಗಿ ಬೇರೂರಿದವನಿಗೆ ಮಾತ್ರ ಇನ್ನೊಬ್ಬರ ನೋವು ನಲಿವು ತಾಗುತ್ತದೆ, ಅಂಥವನೇ ರಸಿಕ ಎಂಬುದು ಅವನ ನಿಲುವು. ಉಳಿದ ಆಲಂಕಾರಿಕರಲ್ಲಿ ಹೆಚ್ಚಿನವರು ಇದನ್ನು ಒಪ್ಪಲಿಲ್ಲ. ಆದರೂ ಒಬ್ಬ ದೊಡ್ಡ ಕಾವ್ಯಮೀಮಾಂಸಕ ಮನುಷ್ಯನ ಅತ್ಯುನ್ನತ ಸಂವೇದನೆಗೆ ಅಹಂಕಾರ ಎಂಬ ಹೆಸರನ್ನೇ ಆರಿಸಿಕೊಂಡ ಎಂಬುದು ಉಪೇಕ್ಷಿಸುವ ಸಂಗತಿಯಲ್ಲ.

ಗೀತೆಯ ಸಾಕ್ಷ್ಯ ಹೆಚ್ಚು ಜಟಿಲ, ಏಕೆಂದರೆ ಅಲ್ಲಿ ಎರಡು ಅರ್ಥಗಳೂ ಇವೆ. 7ನೇ ಅಧ್ಯಾಯದ ಎಂಟು ಬಗೆಯ ಪ್ರಕೃತಿಯಲ್ಲಿ, 13ನೇ ಅಧ್ಯಾಯದ ಕ್ಷೇತ್ರದ ವಿವರಣೆಯಲ್ಲಿ ಅಹಂಕಾರ ಬರುವುದು ಸಾಂಖ್ಯದ ತತ್ತ್ವವಾಗಿ. 16ರಲ್ಲಿ ಬರುವುದು ದೋಷವಾಗಿ. ಆದರೆ ಆ ದೋಷ ಗರ್ವವೇ? ಅದೇ ಪಟ್ಟಿಯಲ್ಲಿ ದರ್ಪವೂ ಬೇರೆಯಾಗಿ ನಿಂತಿದೆ. ಎರಡೂ ಒಂದೇ ಆಗಿದ್ದರೆ ಒಂದೇ ಸಾಲಿನಲ್ಲಿ ಎರಡು ಸಲ ಹೇಳುವ ಅಗತ್ಯವಿರಲಿಲ್ಲ. ಪಟ್ಟಿಗಳಲ್ಲಿ ಪುನರುಕ್ತಿ ಸಹಜ, ಅದರಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಆಕ್ಷೇಪಿಸಬಹುದು. ಹಾಗಾದರೆ 18ನೇ ಅಧ್ಯಾಯವನ್ನು ನೋಡಬೇಕು. ಯುದ್ಧ ಮಾಡುವುದಿಲ್ಲ ಎಂಬ ಅರ್ಜುನನ ನಿಶ್ಚಯವನ್ನು ಕೃಷ್ಣ ಅಲ್ಲಿ ಅಹಂಕಾರವನ್ನು ಆಶ್ರಯಿಸಿದ ನಿಶ್ಚಯ ಎನ್ನುತ್ತಾನೆ. ಆ ನಿಶ್ಚಯ ಮಾಡುವಾಗ ಅರ್ಜುನನ ಸ್ಥಿತಿ ಏನಿತ್ತು? ಮೈ ನಡುಗಿ, ಬಿಲ್ಲು ಜಾರಿ, ಗುರುಗಳನ್ನು ಕೊಲ್ಲುವುದಕ್ಕಿಂತ ತಿರಿದು ಉಣ್ಣುವುದೇ ಲೇಸು ಎಂಬಷ್ಟು ಕುಸಿದಿದ್ದ. ಅವನಲ್ಲಿ ಗರ್ವದ ಲವಲೇಶವೂ ಇರಲಿಲ್ಲ. ಇದ್ದದ್ದು ಮಾಡುವವನೂ ಬಿಡುವವನೂ ತಾನು ಎಂಬ ಎಣಿಕೆ. 3ನೇ ಅಧ್ಯಾಯ ಅಹಂಕಾರದಿಂದ ಮರುಳಾದವನ ಗುರುತಾಗಿ ಹೇಳುವುದೂ ಈ ಕರ್ತೃತ್ವದ ಭ್ರಮೆಯನ್ನೇ. ಹೀಗಾಗಿ ಗೀತೆ ಅಹಂಕಾರವನ್ನು ನಿಂದಿಸುವಾಗಲೂ ಅದು ಬೀಗುವವನನ್ನಷ್ಟೇ ಗುರಿಯಾಗಿಸಿಲ್ಲ. ಕುಗ್ಗಿದವನನ್ನೂ ಅದೇ ಪದದಿಂದ ಎಚ್ಚರಿಸುತ್ತದೆ.

ಗರ್ವವನ್ನು ಹೆಸರಿಸಲು ಪರಂಪರೆಗೆ ಬೇರೆ ಪದಗಳ ಕೊರತೆಯೂ ಇರಲಿಲ್ಲ. ಅರಿಷಡ್ವರ್ಗದಲ್ಲಿ ಗರ್ವದ ಜಾಗದಲ್ಲಿ ಇರುವುದು ಮದ. ಅಹಂಕಾರಕ್ಕೆ ಅಲ್ಲಿ ಎಡೆಯೇ ಇಲ್ಲ. ಕನ್ನಡದ ಶರಣರಿಗೂ ಜೈನ ಕವಿಗಳಿಗೂ ಪರಿಚಿತವಾದ ಎಂಟು ಬಗೆಯ ದೋಷಗಳ ಹೆಸರು ಅಷ್ಟಮದ. ಕುಲ, ಧನ, ರೂಪ, ಯೌವನ, ವಿದ್ಯೆ ಮುಂತಾಗಿ ಮನುಷ್ಯ ಯಾವುದರಿಂದ ಬೀಗುತ್ತಾನೆ ಎಂಬುದನ್ನು ಅದು ಎಣಿಸಿ ಹೇಳುತ್ತದೆ. ಆತ್ಮವನ್ನು ಕಲುಷಿತಗೊಳಿಸುವವೆಂದು ಜೈನರು ಎಣಿಸುವ ನಾಲ್ಕು ಕಷಾಯಗಳಲ್ಲಿ ಗರ್ವಕ್ಕೆ ಮಾನ ಎಂದು ಹೆಸರು.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಪದದ ಅರ್ಥವನ್ನು ಗೊತ್ತುಮಾಡುವುದು ಹುಟ್ಟಲ್ಲ, ಬಳಕೆ. ಜನ ಅಹಂಕಾರವನ್ನು ಗರ್ವವೆಂದು ಬಳಸುತ್ತಿದ್ದರೆ ಅದೇ ಅದರ ಅರ್ಥ. ಛಾಂದೋಗ್ಯವನ್ನು ತೋರಿಸಿ ಊರಿನ ಮಾತನ್ನು ತಿದ್ದಲು ಹೋಗುವುದು ಪಾಂಡಿತ್ಯದ ಹಟ. ಈ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪಬೇಕು. ಮನೆಯಲ್ಲಿ, ಅಂಗಡಿಯಲ್ಲಿ ‘ಅವನಿಗೆ ಅಹಂಕಾರ’ ಎಂದವರು ತಪ್ಪು ಕನ್ನಡ ಆಡಿದಂತಾಗುವುದಿಲ್ಲ. ತಪ್ಪು ಶುರುವಾಗುವುದು ಇಂದಿನ ಅರ್ಥವನ್ನು ಅಂದಿನ ವಾಕ್ಯದೊಳಗೆ ತುಂಬಿ, ಅಂದಿನ ವಾಕ್ಯದ ಅಧಿಕಾರವನ್ನು ಇಂದಿನ ಬೈಗುಳಕ್ಕೆ ದಾನ ಮಾಡಿದಾಗ. ಬಳಕೆಯೇ ಅರ್ಥ ಎಂಬ ನಿಯಮ ಇಂದಿನವರಿಗೆ ಎಷ್ಟು ಸಲ್ಲುತ್ತದೆಯೋ ಈಶ್ವರಕೃಷ್ಣನಿಗೂ ಅಷ್ಟೇ ಸಲ್ಲುತ್ತದೆ; ಅವನ ಬಳಕೆಯಲ್ಲಿ ಅದು ಗರ್ವವಲ್ಲ.

ಬಳಕೆ ಎಷ್ಟು ವಿಚಿತ್ರವಾಗಿ ಹೊರಳುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಎರಡು ನಿದರ್ಶನಗಳಿವೆ. ಸಾಂಖ್ಯ ಅಹಂಕಾರವನ್ನು ವಿವರಿಸಲು ಬಳಸಿದ ಪದ ಅಭಿಮಾನ. ಅಮರಕೋಶ ಗರ್ವದ ಪಕ್ಕದಲ್ಲೇ ಇಟ್ಟದ್ದೂ ಅದನ್ನು. ಅದೇ ಪದ ಕನ್ನಡದಲ್ಲಿ ಪ್ರೀತಿಯಾಗಿ, ಹೆಮ್ಮೆಯಾಗಿ ಅರಳಿತು. ಕನ್ನಡಾಭಿಮಾನ ಹೊಗಳಿಕೆ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು ಅಭಿಮಾನಿ ದೇವರುಗಳು ಎಂದು ಕರೆದರು. ಸ್ವಾಭಿಮಾನವಂತೂ ಗೌರವದ ಮಾತು. ಅಕ್ಷರಶಃ ಬಿಡಿಸಿದರೆ ತನ್ನ ಬಗೆಗಿನ ಅಭಿಮಾನ, ಎಂದರೆ ಕಾರಿಕೆಯ ಅಹಂಕಾರವೇ. ಎರಡನೆಯದು ಅಸ್ಮಿತೆ. ಪತಂಜಲಿಯ ಯೋಗಸೂತ್ರ ಎಣಿಸುವ ಐದು ಕ್ಲೇಶಗಳಲ್ಲಿ ಅವಿದ್ಯೆಯ ನಂತರದ್ದು ಅಸ್ಮಿತೆ. ನೋಡುವವನನ್ನೂ ನೋಡುವ ಸಾಧನವನ್ನೂ ಒಂದೆಂದು ತಿಳಿಯುವ ತಪ್ಪಿಗೆ ಆ ಹೆಸರು. ಕಳೆದ ಶತಮಾನದಲ್ಲಿ ಗುಜರಾತಿ ಲೇಖಕ ಕೆ. ಎಂ. ಮುನ್ಶಿ ಅವರು ಗುಜರಾತಿನ ಅಸ್ಮಿತೆ ಎಂಬ ಮಾತನ್ನು ಪ್ರಚಾರಕ್ಕೆ ತಂದರು. ಇಂದು ಕನ್ನಡದಲ್ಲೂ ಭಾಷೆಯ ಅಸ್ಮಿತೆ, ದಲಿತ ಅಸ್ಮಿತೆ, ಸ್ತ್ರೀ ಅಸ್ಮಿತೆ ಎಂಬುವು ಕಳೆದುಕೊಳ್ಳಬಾರದ ಸಂಪತ್ತಿನ ಹೆಸರುಗಳು. ಹೆಚ್ಚುಕಡಿಮೆ ಒಂದೇ ಅಂಶವನ್ನು ಹೇಳುತ್ತಿದ್ದ ಮೂರು ಪದಗಳಲ್ಲಿ ಎರಡು ಮೇಲೇರಿದವು, ಒಂದು ಕೆಳಗಿಳಿಯಿತು. ಅಸ್ಮಿತೆಯನ್ನು ಕಾಪಾಡಿಕೊಳ್ಳಿ, ಅಹಂಕಾರವನ್ನು ಬಿಡಿ ಎಂದು ಒಂದೇ ಭಾಷಣದಲ್ಲಿ ಹೇಳುವವರು ಕನ್ನಡದ ಬಳಕೆಯ ಪ್ರಕಾರ ಸರಿ. ಎರಡಕ್ಕೂ ಶಾಸ್ತ್ರವನ್ನು ಸಾಕ್ಷಿಗೆ ಕರೆದರೆ ಸರಿಯಲ್ಲ.

ಎರಡನೆಯ ಮಾತನ್ನು, ಅಹಂಕಾರವೇ ಈಗೋ ಎಂಬುದನ್ನು, ಬೇಗ ಮುಗಿಸಬಹುದು. ಪದಗಳ ನಂಟು ನಿಜ: ಲ್ಯಾಟಿನ್ನಿನ ‘ಈಗೋ’, ಗ್ರೀಕಿನ ‘ಎಗೋ’, ಸಂಸ್ಕೃತದ ‘ಅಹಮ್’ ಮೂರೂ ಒಂದೇ ಇಂಡೋ-ಯುರೋಪಿಯನ್ ಮೂಲದವು. ಆದರೆ ಮನಶ್ಶಾಸ್ತ್ರದ ಈಗೋ ಗರ್ವವಲ್ಲ. ಫ್ರಾಯ್ಡ್ 1923ರ ತನ್ನ ಪುಸ್ತಕದಲ್ಲಿ ಬಳಸಿದ್ದು ಜರ್ಮನ್ ಮಕ್ಕಳೂ ಆಡುವ ‘ಇಶ್’ ಎಂಬ ಪದ, ಎಂದರೆ ‘ನಾನು’. 1927ರ ಇಂಗ್ಲಿಷ್ ಅನುವಾದ ಅದಕ್ಕೆ ಲ್ಯಾಟಿನ್ ಅಂಗಿ ತೊಡಿಸಿತು. ಇದರಿಂದ ಫ್ರಾಯ್ಡನ ಆಪ್ತ ಭಾಷೆ ಪ್ರಯೋಗಾಲಯದ ಭಾಷೆಯಾಯಿತೆಂದು ಮನಶ್ಶಾಸ್ತ್ರಜ್ಞ ಬ್ರೂನೋ ಬೆಟಲ್‌ಹೈಮ್ 1980ರ ದಶಕದಲ್ಲಿ ಬಲವಾಗಿ ಆಕ್ಷೇಪಿಸಿದರು. ಫ್ರಾಯ್ಡನ ‘ನಾನು’ ಬೀಗುವುದಿಲ್ಲ. ಒಳಗಿನ ಬಯಕೆಗಳು, ಆತ್ಮಸಾಕ್ಷಿಯ ಕಟ್ಟಳೆ, ಹೊರಗಿನ ವಾಸ್ತವ ಎಂಬ ಮೂವರು ಯಜಮಾನರಿಗೆ ದುಡಿದು ಹೈರಾಣಾಗುತ್ತದೆ. ಈ ‘ನಾನು’ ಬಲವಾಗಬೇಕು ಎಂಬುದು ಫ್ರಾಯ್ಡನ ಮನೋವಿಶ್ಲೇಷಣ ಚಿಕಿತ್ಸೆಯ ಗುರಿ. ಇಂಗ್ಲಿಷಿನ ಆಡುಮಾತಿನಲ್ಲಿ ಈಗೋ ಗರ್ವವಾದದ್ದೂ ಕನ್ನಡದಲ್ಲಿ ಅಹಂಕಾರ ಗರ್ವವಾದದ್ದೂ ಒಂದೇ ಬಗೆಯ ಹೊರಳು. ಹೊರಳಿದ ಮೇಲೆ ಎರಡೂ ಹೋಲುತ್ತವೆ. ಅದನ್ನೇ ಎರಡು ಶಾಸ್ತ್ರಗಳ ಒಮ್ಮತವೆಂದು ತಿಳಿಯುವಂತಿಲ್ಲ.

ಮೂರನೆಯ ಮಾತೇ ಹೆಚ್ಚು ಹಾನಿ ಮಾಡಿರುವುದು. ಅಹಂಕಾರ ಬಿಡಬೇಕು, ಅಹಂಕಾರವೆಂದರೆ ‘ನಾನು’ ಎನ್ನುವುದು, ಆದ್ದರಿಂದ ‘ನಾನು’ ಎನ್ನಬಾರದು ಎಂಬ ಈ ಸರಪಳಿಯಲ್ಲಿ ಪದ ನಡುವೆಯೇ ಅರ್ಥ ಬದಲಿಸುತ್ತದೆ. ಮೊದಲ ವಾಕ್ಯದಲ್ಲಿ ಅದು ಗರ್ವ, ಎರಡನೆಯದರಲ್ಲಿ ಆತ್ಮಪ್ರಜ್ಞೆ. ತರ್ಕದ ಈ ಬಿರುಕಿನಲ್ಲಿ ಸಿಕ್ಕಿಬೀಳುವವರು ಬಲವಿಲ್ಲದವರು. ಕೂಲಿ ಕೇಳಿದ ಆಳು, ಎದುರು ಮಾತಾಡಿದ ಸೊಸೆ, ತಲೆತಗ್ಗಿಸದ ಕಿರಿಯ ನೌಕರ ಅಹಂಕಾರಿ ಎನಿಸಿಕೊಳ್ಳುವುದು ಸುಲಭ. ಕೂಲಿ ಹಿಡಿದಿಟ್ಟುಕೊಂಡ ಯಜಮಾನನಿಗೆ ಆ ಹೆಸರು ತಗಲುವುದು ಅಪರೂಪ. 1927ರ ಮಾರ್ಚ್‌ನಲ್ಲಿ ಅಂಬೇಡ್ಕರ್ ಅವರೊಡನೆ ಮಹಾಡದ ಚವದಾರ ಕೆರೆಗೆ ಇಳಿದವರು ಕೇಳಿದ್ದು ಉಳಿದವರ ನೆತ್ತಿಯ ಮೇಲಿನ ಸ್ಥಾನವನ್ನಲ್ಲ, ಉಳಿದವರು ಕುಡಿಯುವ ನೀರನ್ನು. ಅದು ‘ನಾನೂ ಇದ್ದೇನೆ’ ಎಂಬ ಉದ್ಗಾರ. ಬೃಹದಾರಣ್ಯಕ ಮೊದಲ ನುಡಿಯಾಗಿ ಇರಿಸಿದ್ದೂ ಇಂಥದೊಂದು ಉದ್ಗಾರವನ್ನೇ.

ಇದಕ್ಕೆ ಎರಡು ಪ್ರತಿವಾದಗಳು ಬರಬಹುದು. ಒಂದು ಬೌದ್ಧರ ಕಡೆಯಿಂದ. ಪಾಲಿ ಗ್ರಂಥಗಳಲ್ಲಿ ಮಾನ ಮೂರು ಬಗೆ: ನಾನು ಮೇಲು, ನಾನು ಸಮ, ನಾನು ಕೀಳು. ಮೂರರಲ್ಲೂ ಅಳತೆಗೋಲು ‘ನಾನು’ ಆದ್ದರಿಂದ ಮೂರೂ ಬಂಧನ. ಹಾಗಾದರೆ ಸಮಾನತೆಯ ಹಕ್ಕೊತ್ತಾಯವೂ ಬಿಡಬೇಕಾದದ್ದೇ ಅಲ್ಲವೇ? ವಾದ ಸೂಕ್ಷ್ಮವಾಗಿದೆ, ಆದರೆ ಅದು ಬೇಡದ ಕಡೆಗೂ ಕತ್ತರಿಸುತ್ತದೆ: ನಾನು ಕೀಳು ಎಂಬ ವಿನಯವೂ ಅಷ್ಟೇ ದೋಷವಾಗುತ್ತದೆ, ಆಗ ತಗ್ಗಿ ನಡೆ ಎಂಬ ಉಪದೇಶಕ್ಕೆ ಆಧಾರವೇ ಉಳಿಯುವುದಿಲ್ಲ. ಮೇಲಾಗಿ ಬೌದ್ಧರು ಎಣಿಸುವ ಹತ್ತು ಸಂಯೋಜನಗಳಲ್ಲಿ, ಎಂದರೆ ಬಂಧನಗಳಲ್ಲಿ, ಮಾನ ಕಳಚುವುದು ಅರ್ಹಂತನ ಹಂತದಲ್ಲಿ. ಅಷ್ಟು ಕೊನೆಯ ಸಾಧನೆಯನ್ನು ಒಬ್ಬ ಇನ್ನೊಬ್ಬನಿಂದ ನಿತ್ಯದ ಶಿಸ್ತಾಗಿ ಬೇಡಲಾಗದು. ಇನ್ನೊಂದು ಪ್ರತಿವಾದ ರಾಮಾನುಜರದ್ದೇ ಮಾತಿನಿಂದ ಹುಟ್ಟುತ್ತದೆ, ಅದನ್ನು ಮುಚ್ಚಿಡಬಾರದು. ಅಹಂಕಾರಕ್ಕೆ ಗರ್ವವೆಂಬ ಇನ್ನೊಂದು ಹೆಸರೂ ಉಂಟು, ಅದು ಉತ್ಕೃಷ್ಟ ಜನರನ್ನು ಅವಮಾನಿಸಲು ಕಾರಣ, ಶಾಸ್ತ್ರಗಳು ಬಿಡಬೇಕೆನ್ನುವುದು ಅದನ್ನೇ ಎಂದು ಶ್ರೀಭಾಷ್ಯ ಹೇಳುತ್ತದೆ. ಉತ್ಕೃಷ್ಟರು ಯಾರೆಂದು ತೀರ್ಮಾನಿಸುತ್ತಿದ್ದದ್ದು ಆಯಾ ಕಾಲದ ಸಮಾಜ. ಆ ಮಾತು ಮೇಲಿನವರ ಕೈಯಲ್ಲಿ ಆಯುಧವಾಗುವ ಸಾಧ್ಯತೆ ಇದ್ದೇ ಇದೆ. ಆದರೂ ರಾಮಾನುಜರ ಲಕ್ಷಣದಲ್ಲಿ ದೋಷವಾಗುವುದು ಅವಮಾನಿಸುವಿಕೆ, ‘ನಾನು’ ಎನ್ನುವುದಲ್ಲ. ಅದೇ ಜಾಗದಲ್ಲಿ ಅವರು ಅಹಮರ್ಥವನ್ನು ಅಹಂಕಾರದಿಂದ ಖಚಿತವಾಗಿ ಬೇರ್ಪಡಿಸುತ್ತಾರೆ: ‘ನಾನು’ ಎಂದು ತೋರುವುದೇ ಆತ್ಮ, ಮುಕ್ತಿಯಲ್ಲೂ ಅದು ಅಳಿಯುವುದಿಲ್ಲ, ಅಳಿಯಬೇಕಾದದ್ದು ನಾನಲ್ಲದ್ದಕ್ಕೆ ಹಚ್ಚಿದ ‘ನಾನು’. ‘ನಾನು’ ಅಳಿಯುವುದೇ ಮೋಕ್ಷವಾದರೆ ಮೋಕ್ಷವನ್ನು ಬಯಸುವವನು ಯಾರು ಎಂಬುದು ಅವರ ಪ್ರಶ್ನೆ.

ಕನ್ನಡನಾಡಿನಲ್ಲಿ ಈ ಭೇದ ಒಂದು ಐತಿಹ್ಯದ ಮೂಲಕ ಎಲ್ಲರ ನಾಲಗೆಯ ಮೇಲಿದೆ. ವ್ಯಾಸರಾಯರ ಸಭೆಯಲ್ಲಿ ಮೋಕ್ಷಕ್ಕೆ ಯಾರು ಹೋಗಬಲ್ಲರು ಎಂಬ ಪ್ರಶ್ನೆಗೆ ಕನಕದಾಸರು ‘ನಾನು ಹೋದರೆ ಹೋದೇನು’ ಎಂದರಂತೆ. ‘ನಾನು’ ಎಂಬುದನ್ನೇ ಅಳಿಸಬೇಕೆಂಬ ಉಪದೇಶಕ್ಕೆ ಈ ಮಾತನ್ನು ಉದಾಹರಿಸುವುದು ರೂಢಿ. ಮಾತಿನ ವ್ಯಾಕರಣ ಬೇರೆಯದನ್ನು ಹೇಳುತ್ತದೆ. ‘ಹೋದರೆ’ ಎಂಬ ರೂಪಕ್ಕೆ ಪುರುಷಭೇದವಿಲ್ಲ, ಆದ್ದರಿಂದ ಹೋಗಬೇಕಾದ ‘ನಾನು’ ಅಲ್ಲಿ ಒಂದು ವಸ್ತುವಿನಂತೆ ನಿಲ್ಲಬಲ್ಲದು. ‘ಹೋದೇನು’ ಎಂಬುದು ಸಂಭಾವನಾರ್ಥಕ ರೂಪ. ಅದರ ಕೊನೆಯಲ್ಲಿರುವ ‘ಏನು’ ಉತ್ತಮ ಪುರುಷ ಏಕವಚನದ ಪ್ರತ್ಯಯ. ಮೊದಲ ‘ನಾನು’ ಹೋದ ಮೇಲೂ ವಾಕ್ಯದಲ್ಲಿ ಒಬ್ಬ ‘ನಾನು’ ಉಳಿದಿದ್ದಾನೆ. ಮೋಕ್ಷಕ್ಕೆ ಹೋಗುವವನು ಅವನು.